ಎದುರು ಬಾಗಿಲಿನ ಸ್ಟೂಲು

ಬಾಗಿಲಿನ ಕಿಂಡಿಗೆ ಕಣ್ಣು ಹಚ್ಚಿ ನಿಂತಿದ್ದ ಟೈಲರಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಪೋಸ್ಟ್‌ಮ್ಯಾನ್ ಇವತ್ತೂ ಎದುರು ಮನೆಯವಳ ಬಾಗಿಲಲ್ಲೇ ಚೀಲ ಇಳಿಸಿದ್ದ. ಒಂದರ ಮೇಲೊಂದು ಡಬ್ಬ! ಅವಳು ಹಾಕಿಟ್ಟ ಸ್ಟೂಲಿನ ಮೇಲೆ ಕೂತು, ಬೆವರು ಒರೆಸಿಕೊಳ್ಳುತ್ತಾ, ಅವಳ ಮಾತಿಗೆ ನಗುತ್ತಲೂ ಇದ್ದ. ತನ್ನ ಹೊಲಿಗೆ ಮಷಿನ್ನಿಗೆಂದು ತರಿಸಿದ ಮೋಟಾರು ಮಾತ್ರ ಯಾವ ಗೋದಾಮಿನಲ್ಲಿ ನಿದ್ದೆ ಹೊಡೆಯುತ್ತಿದೆಯೋ! ಒಳಗೆ ಮಕ್ಕಳ ಯೂನಿಫಾರ್ಮುಗಳು ತೋಳಿಲ್ಲದೆ ರಾಶಿ ಬಿದ್ದಿದ್ದವು.

ಅವನು ಮೆಟ್ಟಿಲಿಳಿದದ್ದೇ ತಡ, ಟೈಲರಮ್ಮ ಬಾಗಿಲು ತೆರೆದಳು. "ಏನಮ್ಮಾ, ಅಂಗಡಿಗೆ ಅಂಗಡಿನೇ ನಿಮ್ಮನೆಗೆ ಬರ್ತಿದೆಯಲ್ಲ! ನಮಗೂ ಒಂದು ಉಳಿಸು."

"ಅಯ್ಯೋ ಅಕ್ಕಾ, ಇದ್ರಲ್ಲಿ ನನ್ನದು ಒಂದೂ ಇಲ್ಲ. ಎಲ್ಲಾ ಮೇಲಿನ ಮನೆಗಳದ್ದು. ಇಷ್ಟೂ ಬೀದಿಗಳಿಗೆ ಈಗ ಪೋಸ್ಟ್‌ಮ್ಯಾನ್ ಒಬ್ಬರೇ ಅಂತೆ. ಹತ್ತಿ ಹತ್ತಿ ಸಾಕಾಗಿ ಇಲ್ಲೇ ಇಟ್ಟು ಹೋಗ್ತಾರೆ." ಅವಳು ರಾಶಿಯಿಂದ ಒಂದು ಭಾರದ ಡಬ್ಬ ಎಳೆದು ಕೊಟ್ಟಳು. "ಇದು ನಿಮ್ದು. ಮನೆ ಎದುರುಗಡೆನೇ ಇದೆಯಲ್ಲ, ಅವರಿಗೇ ಕೊಡಿ ಅಂದೆ. ಹೋದ ಸಲ ನೀವು ತುಂಬಾ ಬೈದ್ರಂತಲ್ಲ? ನಿಮ್ಮ ಬೆಲ್ ಒತ್ತೋಕೆ ಭಯ ಅಂತಾರೆ."

ಮೋಟಾರು ಕೈಗೆ ಬಂದರೂ ಹೊಟ್ಟೆಯುರಿ ತಣಿಯಲಿಲ್ಲ. ಆ ಸ್ಟೂಲನ್ನು ನೋಡಿದಷ್ಟೂ ಹೆಚ್ಚಾಯಿತು. ಟೈಲರಮ್ಮ ಡಬ್ಬವನ್ನು ಬಿಚ್ಚದೆ ಮೂಲೆಗಿಟ್ಟು, ತಾನು ಹೊಲಿಯಲು ಕೂರುವ ಕುರ್ಚಿಯನ್ನೇ ದರದರ ಎಳೆದು ತಂದು ಬಾಗಿಲ ಹೊರಗೆ ಹಾಕಿದಳು. ಎದುರಿನ ಸ್ಟೂಲನ್ನೊಮ್ಮೆ ದಿಟ್ಟಿಸಿದಳು. ಮತ್ತೆ ಒಳಗೆ ಹೋಗಿ ಕುರ್ಚಿಗೊಂದು ದಿಂಬು ತಂದಳು.