ಅಜ್ಜನ ಗ್ರಾಮೋಫೋನು, ಅಜ್ಜಿಯ ದನಿ

"ಆ ನಾಯಿ ಕುಂದ್ರಂಗಿಲ್ಲ, ನೀ ಫೋಟೋ ತೆಗಿಯಂಗಿಲ್ಲ, ಬಿಡಲೇ" ಎಂದಿದ್ದ ನಮ್ಮ ಮಾವ. ಚೆಂಡುಹೂವಿನ ವಾಸನೆ ಬಂದರೆ ಇವತ್ತಿಗೂ ಕಮಲಾಪುರದ ಆ ಆಯುಧಪೂಜೆಯ ಮಧ್ಯಾಹ್ನ ನೆನಪಾಗುತ್ತದೆ.

ಶಾಲೆಯ ಫೋಟೋ ಸ್ಪರ್ಧೆಗೆ ಅಜ್ಜನ ಹಳೆಯ ಗ್ರಾಮೋಫೋನಿನ ಪಕ್ಕ ನಮ್ಮ ಕರಿಯನನ್ನು ಕೂರಿಸಬೇಕಿತ್ತು. ಹಾಡು ಕೇಳಿದರಷ್ಟೇ ಆ ನಾಯಿ ಸುಮ್ಮನೆ ಕೂರುತ್ತಿತ್ತು. ಅವ್ವನೋ, ಪೂಜೆಗೆಂದು ಸೈಕಲ್ಲಿನ ಜೊತೆ ಗ್ರಾಮೋಫೋನನ್ನೂ ನೀರು ಸುರಿದು ತೊಳೆದು, ಕುಂಕುಮ ಹಚ್ಚಿ, ಹೂವು ಮುಡಿಸಿಬಿಟ್ಟಿದ್ದಳು. ಕೀಲಿ ತಿರುಗಿಸಿದರೆ ಉಸಿರೇ ಇಲ್ಲ. ಫೋಟೋ ತೆಗೆಯಲು ತಂದಿದ್ದ ಮೇಷ್ಟ್ರ ಮೊಬೈಲನ್ನು ಸಂಜೆಯೊಳಗೆ ವಾಪಸ್ ಕೊಡಬೇಕು. ಕರಿಯ ಬಾಗಿಲ ಕಡೆ ಹೊರಟೇಬಿಟ್ಟಿತು.

ಅಜ್ಜಿ ಗ್ರಾಮೋಫೋನಿನ ತುತ್ತೂರಿಯ ಹಿಂದೆ ಬಗ್ಗಿ, "ಲೇ ಕರಿಯಾ, ಎಲ್ಲಿಗೆ ಹೊಂಟಿ? ಕುಂದ್ರಲೇ!" ಎಂದು ಒದರಿದಳು. ಕರಿಯ ತಿರುಗಿ ಬಂದು ತುತ್ತೂರಿಯೊಳಗೆ ಇಣುಕುತ್ತಾ ಕುಳಿತಿತು. ಕೂಡಲೇ ಫೋಟೋ ತೆಗೆದೆ.

ಆ ಫೋಟೋಗೆ ಬಹುಮಾನ ಬಂತು. ನನಗೆ ಡಿಗ್ರಿ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ. ನಮ್ಮ ಮನೆಗೆ ಬಂದ ಮೊದಲ ಪ್ರಮಾಣಪತ್ರ ಆ ಸ್ಪರ್ಧೆಯದೇ. ಓದಲು ಬಾರದ ಅಜ್ಜಿಯ ಕೈಗೆ ಕೊಟ್ಟೆ. ಸೆರಗಿನಿಂದ ಒರೆಸಿ ನೋಡಿದಳು.

"ಒದರಿದಾಕಿ ನಾನು. ನನ್ನ ಹೆಸರು ಎಲ್ಲೈತಿ, ತೋರ್ಸು."