ಹುಲಿಯಮ್ಮನಿಗೊಂದು ಉದ್ದ ಲೆನ್ಸು

ಕ್ಯಾಮೆರಾ ಕಂಪನಿಯ ಏಜೆಂಟ್ ಮಖಮಲ್ಲಿನ ಪೆಟ್ಟಿಗೆಯಿಂದ ಹೊಸ ಲೆನ್ಸನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿದಾಗ, ಸಾಗರದ ಲಾಡ್ಜಿನ ಮಹಡಿಯಲ್ಲಿ ಸೇರಿದ್ದ ಮೂರು ತಾಲ್ಲೂಕಿನ ಫೋಟೋಗ್ರಾಫರುಗಳೆಲ್ಲ ಕತ್ತು ಚಾಚಿ ಮೇಜಿನ ಸುತ್ತ ಮುತ್ತಿದರು. ಅದು ಹೆಚ್ಚುಕಡಿಮೆ ಮೊಳದುದ್ದ ಇತ್ತು.

"ಕಂಪನಿ ಈಗಷ್ಟೇ ಹೊರಗೆ ಬಿಟ್ಟಿದೆ. ಕೆರೆಯ ಆಚೆ ದಡದಲ್ಲಿ ಕೂತವನ ಮೀಸೆಯ ಕೂದಲು ಎಣಿಸಬಹುದು," ಎಂದ ಏಜೆಂಟ್.

ತೀರ್ಥಹಳ್ಳಿಯ ಬೆಳ್ಳಪ್ಪ ಲೆನ್ಸನ್ನು ತಿರುಗಿಸಿ ನೋಡಿ ನಕ್ಕ. "ಎಂತ ಮಾಡಕ್ಕೆ ಮಾರಾಯ್ರೆ ಇದು? ನಮ್ಮೂರಲ್ಲಿ ಜನ ಪೌಡರ್ ಬಳ್ಕಂಡು ತಾವೇ ಬಂದು ಎದುರಿಗೆ ಕೂರ್ತಾರೆ. ಇದರಲ್ಲಿ ತೆಗೀಬೇಕಂದ್ರೆ ನಾನೇ ಹೊಳೆ ದಾಟಿ ಆಚೆ ನಿಲ್ಬೇಕು!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹೊಸನಗರದ ಹೇರಂಬ ಮಾತ್ರ ನಗಲಿಲ್ಲ. ಅವನಿಗೆ ಹುಲಿಕಲ್ಲಿನ ಹುಲಿಯಮ್ಮ ನೆನಪಾಗಿದ್ದಳು.

ಹೇರಂಬನಿಗೆ ತನ್ನ ಕಸುಬಿನಲ್ಲಿ ಸೇರದ ಕೆಲಸವೆಂದರೆ ಹೆಣದ ಫೋಟೋ. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳದವರನ್ನು ಸತ್ತ ಮೇಲೆ ಕುರ್ಚಿಗೆ ಕಟ್ಟಿ ಕೂರಿಸುತ್ತಿದ್ದರು. ಆಮೇಲೆ ಫೋಟೋದಲ್ಲಿನ ಮುಚ್ಚಿದ ರೆಪ್ಪೆಯ ಮೇಲೆ ಹೇರಂಬ ಕುಂಚ ಹಿಡಿದು ಕಣ್ಣು ಬರೆದುಕೊಡಬೇಕಿತ್ತು. ಹುಲಿಯಮ್ಮನ ಗಂಡನಿಗೂ ಹಾಗೆಯೇ ಬರೆದಿದ್ದ. "ಅಪ್ಪನ ಮುಖಕ್ಕೆ ಯಾರ್ದೋ ಕಣ್ಣು ಬಂದೈತೆ ಅಯ್ಯಾ. ಅವ್ವನ್ನಾದ್ರೂ ಬದುಕಿದ್ದಾಗ್ಲೇ ತೆಗೀರಿ," ಎಂದು ಮಗ ಕನ್ನಪ್ಪ ಸಂತೆಯಲ್ಲಿ ಸಿಕ್ಕಾಗಲೆಲ್ಲ ಗೋಗರೆಯುತ್ತಿದ್ದ. ಹುಲಿಯಮ್ಮ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. "ಆ ಪೆಟ್ಟಿಗೆ ನಮ್ಮೂರಿಗೆ ಬರೋದೇ ಹೆಣ ನೋಡಕ್ಕೆ. ನಾನಿನ್ನೂ ಗಂಜಿ ಕುಡೀತಾ ಇದೀನಿ," ಅನ್ನುವಳು. ಅವಳ ಮಾತನ್ನು ತಳ್ಳಿಹಾಕುವಂತೆಯೂ ಇರಲಿಲ್ಲ; ಆ ಊರಿಗೆ ಹೇರಂಬ ಕ್ಯಾಮೆರಾ ಹೊತ್ತು ಹೋದಾಗಲೆಲ್ಲ ಯಾರದೋ ಮನೆಯಲ್ಲಿ ಅಳು ಕೇಳುತ್ತಿತ್ತು.

ಏಜೆಂಟ್ ಮಾರನೆಯ ದಿನ ಘಾಟಿ ಇಳಿದು ಉಡುಪಿಗೆ ಹೋಗುವವನಿದ್ದ. "ಹ್ಯಾಗೂ ಹುಲಿಕಲ್ ಮೇಲೇ ಹೋಗ್ತೀರಲ್ಲ, ಒಂದು ಗಳಿಗೆ ಗಾಡಿ ನಿಲ್ಸಿ. ಅಲ್ಲಿ ಒಂದು ಫೋಟೋ ಬಂತು ಅಂದ್ರೆ ಬೆಳ್ಳಪ್ಪನೂ ಬಾಯಿ ಮುಚ್ಕಂಡು ಆರ್ಡರ್ ಕೊಡ್ತಾನೆ," ಎಂದು ಹೇರಂಬ ಅವನನ್ನು ಒಪ್ಪಿಸಿದ.

ಬೆಳಿಗ್ಗೆ ಇಬ್ಬರೂ ಹುಲಿಯಮ್ಮನ ಮನೆಯ ಎದುರಿನ ದಿಬ್ಬ ಹತ್ತಿ ಹಲಸಿನ ಮರದ ಮರೆಯಲ್ಲಿ ನಿಂತರು. ಅವಳು ದೂರದ ಅಂಗಳದಲ್ಲಿ ಸಂಡಿಗೆ ಒಣಹಾಕಿ ಕೋಳಿ ಕಾಯುತ್ತಿದ್ದಳು. ಉದ್ದ ಲೆನ್ಸು ಹಾಕಿದ ಏಜೆಂಟನ ಕ್ಯಾಮೆರಾದಲ್ಲಿ ಕಣ್ಣಿಟ್ಟ ಹೇರಂಬ ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮುದುಕಿ ಮೂಗಿಗೆ ತಾಗುವಷ್ಟು ಹತ್ತಿರ ಬಂದಿದ್ದಳು! ಆದರೆ ಬಗ್ಗಿಸಿದ ತಲೆ ಎತ್ತಲೊಲ್ಲಳು. ಹೇರಂಬ ಕುಲದೇವರನ್ನು ನೆನೆಯುತ್ತಾ ಇನ್ನಷ್ಟು ಮುಂದೆ ಬಾಗಿದ. ಕಾಲಡಿಯ ಕಲ್ಲೊಂದು ಜಾರಿ ಗಡಗಡನೆ ಅಂಗಳಕ್ಕೆ ಉರುಳಿತು.

"ಯಾವನೋ ಅಂವ ಮರದ ಹಿಂದೆ? ಕೋವಿ ಹಿಡ್ಕಂಡು ನನ್ನ ಕೋಳಿಗೆ ಗುರಿ ಇಡ್ತೀಯೇನೋ? ಇಳಿ ಕೆಳಗೆ, ನಿನ್ನ ಕೈ ಮುರಿದು ಒಲೆಗೆ ಹಾಕ್ತೀನಿ!"

ಹುಲಿಯಮ್ಮ ತಲೆ ಎತ್ತಿ ನಿಂತಿದ್ದಳು: ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಎತ್ತಿದ ಪೊರಕೆ. ಏಜೆಂಟ್ ಗಾಡಿಯ ಕಡೆಗೆ ಕಾಲಿಗೆ ಬುದ್ಧಿ ಹೇಳಿದ. ಹೇರಂಬ ಬಟನ್ ಒತ್ತಿದ.

ದಿಬ್ಬ ಹತ್ತಿ ಬಂದ ಹುಲಿಯಮ್ಮನ ಕೈಯ ಪೊರಕೆ, ಹೇರಂಬನ ಗುರುತು ಸಿಕ್ಕಿದ್ದೇ ತಡ, ಕೆಳಗಿಳಿಯಿತು. ಅವಳ ದನಿಯೂ ಇಳಿಯಿತು. "ಫೋಟೋದ ಅಯ್ಯ! ಯಾರು ಹೋದ್ರು ಊರಲ್ಲಿ?"

"ಯಾರೂ ಇಲ್ಲ ಹುಲಿಯಮ್ಮ. ನಿಂದೇ ತೆಗೆದೆ." ಕದ್ದು ತೆಗೆದದ್ದಕ್ಕೆ ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಮುದುಕಿ ಅಲ್ಲೇ ಕುಸಿದು ಕೂತಳು. ಎದೆ ಮುಟ್ಟಿ ನೋಡಿಕೊಂಡಳು. ಜೋರಾಗಿ ಉಸಿರೆಳೆದು ಬಿಟ್ಟಳು. ಎಲ್ಲವೂ ನೆಟ್ಟಗಿತ್ತು.

"ಮತ್ತೆ ನಂಗೆ ಎಂತದೂ ಆಗ್ಲಿಲ್ವಲ್ಲ?"

"ಎಂತ ಆಗ್ತದೆ?"

"ಹಂಗಾದ್ರೆ ಮುಂಚೇಲೆ ಹೇಳಕ್ಕೆ ಎಂತ ರೋಗ ನಿಮ್ಗೆ? ಆ ಕೆಂಪು ಸೀರೆನಾದ್ರೂ ಉಟ್ಕಂತಿದ್ದೆ!"

ಉಟ್ಟೇ ಬಂದಳು. ಮಣೆ ಹಾಕಿಸಿಕೊಂಡು ಕೂತಳು. ಚೀಲದಲ್ಲಿದ್ದ ತನ್ನ ಹಳೆಯ ಕ್ಯಾಮೆರಾದಲ್ಲಿ ಹೇರಂಬ ಎದುರಿಗೇ ನಿಂತು ಇನ್ನೊಂದು ತೆಗೆದ. ಉಸಿರು ಬಿಗಿಹಿಡಿದ ಹುಲಿಯಮ್ಮ ಅದು ಮುಗಿಯುವವರೆಗೂ ಮಿಸುಕಲಿಲ್ಲ.

ಮುಂದಿನ ವಾರ ಹೇರಂಬ ಏಜೆಂಟನಿಂದ ಪಡೆದ ರೀಲನ್ನೂ ತೊಳೆದು ಎರಡೂ ಫೋಟೋ ಹಿಡಿದು ಹುಲಿಕಲ್ಲಿಗೆ ಹೋದಾಗ ಹುಲಿಯಮ್ಮ ಅರಳಸುರಳಿಯ ಮಗಳ ಮನೆಗೆ ಹೋಗಿದ್ದಳು. ಸೊಸೆ ದುರ್ಗಮ್ಮ ಜಗಲಿಯಲ್ಲಿ ಕಾಲು ಚಾಚಿಕೊಂಡು ನಿರಾಳವಾಗಿ ಎಲೆಯಡಿಕೆ ಮೆಲ್ಲುತ್ತಿದ್ದಳು. ಕನ್ನಪ್ಪ ಫೋಟೋಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಇಬ್ಬಂದಿಯಲ್ಲಿ ಬಿದ್ದ. "ಯಾವುದಕ್ಕೆ ಕಟ್ಟು ಹಾಕ್ಸದು ಅಯ್ಯಾ? ಸೀರೇದು ಲಕ್ಷಣವಾಗೈತೆ. ಇದರಲ್ಲಿ ಪೊರಕೆ ಬೇರೆ ಐತೆ, ನೆಂಟ್ರು ನಗಾಡ್ತಾರೆ."

ತೀರ್ಮಾನ ಹೆಂಡತಿಯದೇ ಇರಲಿ ಎಂದು ಮೊದಲು ಕೆಂಪು ಸೀರೆಯದನ್ನು ಅವಳ ಮುಂದೆ ಹಿಡಿದ. ದುರ್ಗಮ್ಮ ಮೆಲ್ಲುತ್ತಲೇ ಕತ್ತು ಓರೆ ಮಾಡಿ, "ಚಂದ ಐತೆ," ಎಂದಳು.

ಆಮೇಲೆ ಇನ್ನೊಂದನ್ನು ಹಿಡಿದ.

ದುರ್ಗಮ್ಮ ಥಟ್ಟನೆ ಕಾಲು ಮಡಚಿ, ಬಾಯಲ್ಲಿದ್ದದ್ದನ್ನು ಅಂಗಳಕ್ಕೆ ಉಗಿದು, ಸೆರಗು ಸರಿಮಾಡಿಕೊಳ್ಳುತ್ತಾ ಎದ್ದು ನಿಂತಳು.