ತಡವರಿಸದ ಉತ್ತರ

ಆ ಊರಿನಲ್ಲಿ ಹದಿನಾರು ತುಂಬಿದ ಮಕ್ಕಳೆಲ್ಲ ತಪಾಸಣೆಗೆ ಕೂರಬೇಕಿತ್ತು. ಒಂದು ಕುಂದು ಕಂಡರೂ ಸಾಕು, ಊರಗೋಡೆಯಾಚೆ ಬಿಟ್ಟು ಬರುತ್ತಿದ್ದರು. ಹಾಗೆ ಹೋದವರು ಯಾರೂ ಮರಳಿದ್ದಿಲ್ಲ.

ವಾರಿಜಳ ಮಗಳು ಇಂಚರಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅದು ನೆರೆಮನೆಗೂ ತಿಳಿಯದಂತೆ, ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ವಾರಿಜ ಅವಳನ್ನು ಸಾಕಿದ್ದಳು. ರೊಟ್ಟಿ ತಟ್ಟುವಾಗ ಎದುರು ಕೂರಿಸಿಕೊಂಡು, ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸಿದ್ದಳು. ತನ್ನ ಗಂಟಲ ಮೇಲೆ ಮಗಳ ಕೈಯಿಟ್ಟುಕೊಂಡು, ಒಂದೊಂದೇ ಅಕ್ಷರ ನುಡಿಸಿದ್ದಳು.

"ಪ್ರಶ್ನೆ ಮುಗೀತಿದ್ದ ಹಾಗೇ ಉತ್ತರ ಹೇಳ್ಬಿಡು ಕಂದ. ತಡವರಿಸಿದ್ಯೋ, ಅನುಮಾನ ಬರುತ್ತೆ," ಎಂದು ಈ ಬೆಳಿಗ್ಗೆಯೂ ಹೊಸ್ತಿಲಲ್ಲಿ ನಿಲ್ಲಿಸಿ ಹೇಳಿದ್ದಳು.

ತಪಾಸಣೆಯ ಕೋಣೆಯಲ್ಲಿ, ಅದೃಷ್ಟಕ್ಕೆ ಅಧಿಕಾರಿ ಇಂಚರಳ ಎದುರಿಗೇ ಕುಳಿತ.

"ಹೆಸರೇನಮ್ಮ?"

"ಇಂಚರ, ಸರ್."

"ಯಾವ ಪಾಠ ಕಷ್ಟ?"

"ಯಾವುದೂ ಇಲ್ಲ, ಸರ್."

"ಭಲೇ! ನಮ್ಮನೇಲಿರೋ ಮಹಾರಾಣಿಗೆ ಹತ್ತು ಸಲ ಕೂಗ್ಬೇಕು, ಆಮೇಲೆ 'ಆಂ?' ಅಂತಾಳೆ," ಎಂದು ಅಧಿಕಾರಿ ನಕ್ಕ. ಗೋಡೆಗೊರಗಿ ನಿಂತಿದ್ದ ವಾರಿಜಳಿಗೂ ನಗು ಬಂತು. ಬೆವೆತ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

ಅಧಿಕಾರಿ ಮೊಹರನ್ನು ಕೈಗೆತ್ತಿಕೊಂಡು, ಮತ್ತೊಮ್ಮೆ ಹುಡುಗಿಯ ಮುಖ ನೋಡಿದ. ಕೋಣೆ ಒಂದು ಗಳಿಗೆ ಸ್ತಬ್ಧವಾಗಿತ್ತು.

"ಬೆಳಿಗ್ಗೆ ಚಿತ್ರಾನ್ನ ತಿಂದೆ, ಸರ್," ಎಂದಳು ಇಂಚರ, ಥಟ್ಟನೆ, ಒಂದಕ್ಷರವೂ ತಪ್ಪದೆ.

ವಾರಿಜಳ ನಗು ಮುಖದಲ್ಲೇ ಒಣಗಿತು. ಅಧಿಕಾರಿ ಈ ಸಲ ದನಿಯನ್ನೇ ಹೊರಡಿಸದೆ, ಬರೀ ತುಟಿಯಾಡಿಸಿದ್ದ.